ಕರೆಂಟ್ ಶುರುವಾದ ಮೇಲೆ ಬಾಯಲ್ಲಿ ಕಟ್ಟುವ ಲೋಳೆ: ನಾವು ಸಂಭಾಳಿಸಿದ ಬಗೆ

ನಮ್ಮ ಮನೆಯವರಿಗೆ ಗಂಟಲು ಕ್ಯಾನ್ಸರ್ ಅಂತ ಗೊತ್ತಾದಾಗ ಡಾಕ್ಟರು 35 ಕರೆಂಟ್, ಅಂದರೆ ರೇಡಿಯೇಷನ್ ಚಿಕಿತ್ಸೆ, ಬರೆದರು. ಸೋಮವಾರದಿಂದ ಶುಕ್ರವಾರ, ಒಟ್ಟು ಏಳು ವಾರ. ಜೊತೆಗೆ ವಾರಕ್ಕೊಂದು ಕೀಮೋ. ತುಮಕೂರು ಕಡೆಯ ನಮ್ಮ ಹಳ್ಳಿಯಿಂದ ದಿನಾ ಓಡಾಡಲು ಆಗುವುದಿಲ್ಲವೆಂದು ಬೆಂಗಳೂರಲ್ಲಿ ಆಸ್ಪತ್ರೆ ಹತ್ತಿರವೇ ಒಂದು ರೂಮು ಹಿಡಿದೆವು. ನೋವಿರುತ್ತದೆ, ಊಟ ಸೇರುವುದಿಲ್ಲ ಅಂತ ಎಲ್ಲರೂ ಹೇಳಿದ್ದರು. ನಮ್ಮನ್ನು ಜಾಸ್ತಿ ಕಂಗೆಡಿಸಿದ್ದು ಲೋಳೆ.

ಮೂರನೇ ವಾರದ ಒಂದು ರಾತ್ರಿ, ಎರಡು ಗಂಟೆ ಇರಬೇಕು. ಎಚ್ಚರವಾಗಿ ನೋಡಿದರೆ ಅವರು ಬೇಸಿನ್ ಮೇಲೆ ಬಗ್ಗಿ ಕೂತಿದ್ದರು. ತುಟಿಯಿಂದ ಬೇಸಿನ್ ತನಕ ಒಂದೇ ಎಳೆ, ಹಲಸಿನ ಮೇಣದ ಹಾಗೆ. ಎಷ್ಟು ಉಗಿದರೂ ತುಂಡಾಗುತ್ತಿರಲಿಲ್ಲ. ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ಆ ಎಳೆಯನ್ನು ಅದಕ್ಕೆ ಸುತ್ತಿ ಸುತ್ತಿ ತೆಗೆದೆ. ಇಷ್ಟು ಲೋಳೆ ಇದ್ದರೂ ನಾಲಿಗೆ ಮಾತ್ರ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು.

ಮಾರನೆಯ ದಿನ ವಾರ್ಡಿನ ಸಿಸ್ಟರ್ ಬಿಡಿಸಿ ಹೇಳಿದರು. ಕಿವಿಯ ಮುಂದಿರುವ ಗ್ರಂಥಿಗಳಿಂದ ನೀರಿನಂಥ ಎಂಜಲು ಬರುತ್ತದೆ. ಕರೆಂಟಿಗೆ ಬೇಗ ಸೋಲುವುದು ಅವೇ. ಲೋಳೆ ಬರುತ್ತಲೇ ಇರುತ್ತದೆ, ಅದನ್ನು ತೆಳು ಮಾಡುವ ನೀರು ಮಾತ್ರ ನಿಂತುಹೋಗುತ್ತದೆ. ಹುಣ್ಣಾದ ಗಂಟಲೂ ಲೋಳೆ ಬಿಡುತ್ತದೆ. ಅಂದರೆ ಇದು ನೆಗಡಿಯ ಕಫ ಅಲ್ಲ. ಇದನ್ನು ಒಣಗಿಸಬಾರದು, ನೆನೆಸಿ ಸಡಿಲ ಮಾಡಬೇಕು.

ನಾನು ಅಲ್ಲಿಯವರೆಗೆ ಮಾಡಿದ್ದೆಲ್ಲ ಉಲ್ಟಾ. ಕಫ ಅಂದುಕೊಂಡು ನೆಗಡಿ ಮಾತ್ರೆ ಕೊಟ್ಟಿದ್ದೆ. ಅಂಥ ಮಾತ್ರೆಗಳಲ್ಲಿ ಹಲವು ಬಾಯಿಯನ್ನು ಇನ್ನಷ್ಟು ಒಣಗಿಸುತ್ತವೆ, ಲೋಳೆ ಇನ್ನೂ ಗಟ್ಟಿಯಾಗುತ್ತದೆ. ಯಾರೋ ಹೇಳಿದರೆಂದು ಕಾಳುಮೆಣಸಿನ ಕಷಾಯವನ್ನೂ ಕುಡಿಸಿದೆ. ಹುಣ್ಣಾದ ಗಂಟಲಿಗೆ ಅದು ಬಿದ್ದಾಗ ಅವರ ಕಣ್ಣಲ್ಲಿ ನೀರು ಬಂತು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಕೆಮ್ಮಿನ ಔಷಧಿಯನ್ನೂ ಡಾಕ್ಟರನ್ನು ಕೇಳದೆ ಕೊಡಬೇಡಿ.

ನಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಉಪ್ಪು-ಸೋಡಾ ನೀರು. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಬೇರೆ, ಅದು ಬೇಡ. ದಿನಾ ಬೆಳಿಗ್ಗೆ ಹೊಸದಾಗಿ ಮಾಡಿಡುತ್ತಿದ್ದೆ. ಎರಡು ಗಂಟೆಗೊಮ್ಮೆ, ಏನಾದರೂ ತಿನ್ನುವ ಮೊದಲು, ತಿಂದ ಮೇಲೆ, ರಾತ್ರಿ ಎಚ್ಚರವಾದಾಗ ಇದರಲ್ಲಿ ಬಾಯಿ ಮುಕ್ಕಳಿಸಬೇಕು. ನುಂಗಬಾರದು. ಬಾಯಲ್ಲಿ ತುಂಬಿಕೊಂಡು ತಕ್ಷಣ ಉಗಿದರೆ ಪ್ರಯೋಜನವಿಲ್ಲ. ಅರ್ಧ ನಿಮಿಷ ಕೆನ್ನೆಯಿಂದ ಕೆನ್ನೆಗೆ ಮೆಲ್ಲಗೆ ಆಡಿಸಬೇಕು, ಆಗ ಲೋಳೆ ಬಿಡುತ್ತದೆ. ಅಂಗಡಿಯ ಖಾರದ ಮೌತ್‌ವಾಶ್ ಬೇಡ. ಅದರಲ್ಲಿ ಆಲ್ಕೋಹಾಲ್ ಇದ್ದರೆ ಉರಿಯ ಜೊತೆಗೆ ಬಾಯಿಯೂ ಒಣಗುತ್ತದೆ.

ಜೋರಾಗಿ ಕ್ಯಾಕರಿಸಿದರೆ ಗಂಟಲು ಇನ್ನಷ್ಟು ನೋಯುತ್ತದೆ. ಫಿಸಿಯೋಥೆರಪಿಯವರು ಒಂದು ಸುಲಭ ದಾರಿ ಕಲಿಸಿದರು. ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ ‘ಹಾ’ ಅಂತ ಉಸಿರು ಬಿಡುತ್ತೇವಲ್ಲ, ಹಾಗೆ ಬಾಯಿ ತೆರೆದು ಎರಡು ಮೂರು ಸಲ ಬಿಡಬೇಕು. ಲೋಳೆ ತಾನಾಗಿ ಮೇಲೆ ಬರುತ್ತದೆ. ಆಮೇಲೆ ಒಂದು ಸಣ್ಣ ಕೆಮ್ಮು ಸಾಕು.

ಇನ್ನೊಂದು ಮಾತು ಹೇಳಲೇಬೇಕು. ಎಂಜಲು ಅಂದರೆ ನಮ್ಮಲ್ಲಿ ಮೈಲಿಗೆ, ಅಲ್ವಾ? ಸೊಸೆಯ ಎದುರು ಉಗಿಯಲು ನಾಚಿಕೆಯಾಗಿ ಇವರು ಲೋಳೆಯನ್ನೆಲ್ಲ ನುಂಗಿಬಿಡುತ್ತಿದ್ದರು. ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಕಷ್ಟಪಟ್ಟು ಕುಡಿದ ಗಂಜಿಯೂ ಅದರ ಜೊತೆ ಹೋಗುತ್ತಿತ್ತು. ಒಂದು ದಿನ ನಮ್ಮ ಸೊಸೆಯೇ ಮುಚ್ಚಳದ ಸ್ಟೀಲ್ ಡಬ್ಬಿ ತಂದು, ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ, ‘ಮಾವ, ಇದು ನಿಮ್ಮದು, ನಾನು ತೊಳೀತೀನಿ’ ಅಂತ ಕೈಗೆ ಕೊಟ್ಟಳು. ಅವತ್ತಿನಿಂದ ಅವರು ಧೈರ್ಯವಾಗಿ ಉಗಿದರು. ನಿಮ್ಮ ಮನೆಯಲ್ಲೂ ಮೊದಲ ದಿನವೇ ಇಂಥದ್ದೊಂದು ಡಬ್ಬಿ ಇಡಿ. ಮೂಗು ಮುಚ್ಚಿಕೊಳ್ಳಬೇಡಿ, ಅವರು ನೋಡುತ್ತಿರುತ್ತಾರೆ.

ಕರೆಂಟ್ ಕೊಡುವಾಗ ಮುಖಕ್ಕೆ ಜಾಲರಿಯಂಥ ಮಾಸ್ಕ್ ಹಾಕಿ ಟೇಬಲ್‌ಗೆ ಬಿಗಿಯುತ್ತಾರೆ. ಅಂಗಾತ ಮಲಗಿದಾಗ ಲೋಳೆ ಗಂಟಲಿಗೆ ಇಳಿದು ಉಸಿರು ಕಟ್ಟಿದ ಹಾಗಾಗುತ್ತದೆ. ಸರದಿ ಬರುವ ಐದು ನಿಮಿಷ ಮೊದಲು ಮುಕ್ಕಳಿಸಿ, ಚೆನ್ನಾಗಿ ಉಗಿದು ಒಳಗೆ ಹೋಗಲಿ. ಹೊರಗೆ ಟೆಕ್ನಿಷಿಯನ್ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತಾರೆ. ಕಷ್ಟವಾದರೆ ಕೈ ಎತ್ತುತ್ತೇನೆ ಅಂತ ಮೊದಲೇ ಹೇಳಿಟ್ಟರೆ ಅರ್ಧ ಭಯ ಹೋಗುತ್ತದೆ.

ರಾತ್ರಿ ತಲೆಯಷ್ಟೇ ಅಲ್ಲ, ಎದೆಯೂ ಎತ್ತರದಲ್ಲಿರಲಿ. ರೂಮಿನ ಗಾಳಿ ಒಣಗದಂತೆ ಕುರ್ಚಿಯ ಮೇಲೆ ಒದ್ದೆ ಟವೆಲ್ ಹರವುತ್ತಿದ್ದೆ. ಕುದಿಯುವ ಪಾತ್ರೆಗೆ ಮುಖವೊಡ್ಡಿ ಹಬೆ ತೆಗೆದುಕೊಳ್ಳುವುದು ಬೇಡ, ಸುಟ್ಟುಕೊಳ್ಳುವ ಅಪಾಯವಿದೆ. ಡಾಕ್ಟರು ಒಪ್ಪಿದರೆ ಬರೀ ಸಲೈನ್ ಹಾಕಿ ನೆಬ್ಯುಲೈಸರ್ (ನೀರನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಕೊಡಬಹುದು. ಇವರಿಗೆ ಅದರಿಂದ ನಿದ್ದೆ ಬಂತು. ಉಸಿರಾಡಲು ಕುತ್ತಿಗೆಗೆ ಟ್ಯೂಬ್ ಹಾಕಿದ್ದರೆ ಸಕ್ಷನ್ ಮಾಡುವುದನ್ನು, ಅಂದರೆ ಟ್ಯೂಬಿನ ಲೋಳೆಯನ್ನು ಯಂತ್ರದಿಂದ ಎಳೆದು ತೆಗೆಯುವುದನ್ನು, ಡಿಸ್ಚಾರ್ಜ್ ಆಗುವ ಮೊದಲೇ ಸಿಸ್ಟರ್ ಎದುರು ನೀವೇ ಮಾಡಿ ಕಲಿಯಿರಿ.

ಊಟದ ವಿಷಯ. ನಾವು ಮುದ್ದೆಯವರು. ‘ಮುದ್ದೆ ಅಗಿಯೋ ಹಾಗಿಲ್ಲ, ತಾನೇ ಜಾರುತ್ತೆ’ ಅಂತ ಇವರು ಹಟ ಹಿಡಿದರು. ಮೊದಲ ತುತ್ತೇ ಗಂಟಲಲ್ಲಿ ನಿಂತಿತು. ನುಂಗುವುದಕ್ಕೂ ಎಂಜಲು ಬೇಕು ಅಂತ ಅವತ್ತು ಗೊತ್ತಾಯಿತು. ಆಮೇಲೆ ಅದೇ ರಾಗಿಯನ್ನು ತೆಳ್ಳಗೆ ಗಂಜಿ ಮಾಡಿ ಉಗುರು ಬೆಚ್ಚಗೆ ಕೊಟ್ಟೆ. ಬೇಳೆ ಕಟ್ಟು, ಮೆತ್ತಗೆ ಬೆಂದ ಅನ್ನಕ್ಕೆ ಹುಳಿಯಿಲ್ಲದ ಮೊಸರು ನಡೆಯಿತು. ಹುಳಿ ಮಜ್ಜಿಗೆ, ನಿಂಬೆ, ಖಾರ ಆಗಲಿಲ್ಲ. ಹಾಲು ಕುಡಿದರೆ ಬಾಯಿ ಅಂಟಂಟು ಅನ್ನುತ್ತಿದ್ದರು. ಆದರೂ ಸುಮ್ನೆ ಹಾಲು ಬಿಡಿಸಬೇಡಿ, ಶಕ್ತಿ ಬೇಕು. ಕುಡಿದ ಮೇಲೆ ಮುಕ್ಕಳಿಸಿದರಾಯಿತು. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಲಿ. ಎಷ್ಟು ಅನ್ನುವುದನ್ನು ಡಾಕ್ಟರನ್ನು ಕೇಳಿ, ಕಿಡ್ನಿ, ಹೃದಯದ ತೊಂದರೆ ಇದ್ದವರಿಗೆ ಅಳತೆ ಬೇರೆ. ಮೂಗಿನ ಪೈಪಿನಲ್ಲಿ ಊಟ ಹೋಗುತ್ತಿದ್ದರೂ ಬಾಯಿ ಮುಕ್ಕಳಿಸುವುದನ್ನು ನಿಲ್ಲಿಸಬೇಡಿ.

ಕೆಲವಕ್ಕೆ ಕಾಯಬಾರದು. ಉಸಿರಾಡುವಾಗ ಸೀಟಿಯಂಥ ಸದ್ದು, ಲೋಳೆಯಲ್ಲಿ ತಾಜಾ ರಕ್ತ, ಎಂಜಲನ್ನೂ ನುಂಗಲಾಗದಿರುವುದು, ಟ್ಯೂಬ್ ಕಟ್ಟಿಕೊಳ್ಳುವುದು, ಕೀಮೋ ನಡೆಯುವಾಗ 100.4 ಡಿಗ್ರಿ ಜ್ವರ: ರಾತ್ರಿಯಾದರೂ ಆಸ್ಪತ್ರೆಗೆ ಓಡಿ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ನೀರು ಶ್ವಾಸಕೋಶದ ಕಡೆ ಹೋಗುತ್ತಿರಬಹುದು, ಅವತ್ತೇ ಡಾಕ್ಟರಿಗೆ ಹೇಳಿ. ನಾಲಿಗೆ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ಅದಕ್ಕೆ ಔಷಧಿ ಇದೆ.

ಕೊನೆಯ ಕರೆಂಟ್ ಮುಗಿದ ದಿನ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆವು. ಆಮೇಲಿನ ಎರಡು ವಾರ ಇನ್ನೂ ಕಷ್ಟವಾಯಿತು. ನಂತರ ಎಳೆ ಮೆಲ್ಲಗೆ ತೆಳುವಾಯಿತು. ಬಾಯಿ ಒಣಗುವುದು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ನೀರಿನ ಬಾಟಲಿ ಇಲ್ಲದೆ ಅವರು ಬಸ್ ಹತ್ತುವುದಿಲ್ಲ. ಎಂಜಲು ಕಡಿಮೆಯಾದರೆ ಹಲ್ಲು ಬೇಗ ಹುಳುಕಾಗುತ್ತದೆ. ಅದಕ್ಕೇ ಮೆತ್ತನೆಯ ಬ್ರಷ್, ಫ್ಲೋರೈಡ್ ಪೇಸ್ಟ್ ಬಳಸುತ್ತಾರೆ. ಕರೆಂಟ್ ಬಿದ್ದ ದವಡೆಯಿಂದ ಹಲ್ಲು ಕೀಳಿಸಿದರೆ ಮೂಳೆ ಮಾಯದೆ ಉಳಿಯಬಹುದು, ವರ್ಷಗಳಾದ ಮೇಲೂ ಈ ಅಪಾಯ ಇರುತ್ತದೆ. ಊರಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಮೊದಲು ಕರೆಂಟಿನ ಫೈಲ್ ತೋರಿಸಿ, ಆಮೇಲೆ ಬಾಯಿ ತೆರೆಯಿರಿ.