ಕೊಡಗಿನ ಒಲೆಯ ಮೇಲೆ ಫಿಲಿಪೀನ್ಸ್‌ನ ಅಡೋಬೊ

ಹಂದಿ ಮಾಂಸ, ಕಾಳುಮೆಣಸು, ಹುಳಿ ಮೂರೂ ಸೇರಿದ ಅಡುಗೆ ಕೊಡಗಿನ ಮನೆಗಳಿಗೆ ಹೊಸದಲ್ಲವಾದರೂ, ಫಿಲಿಪೀನ್ಸ್‌ನ ಅಡೋಬೊ ಇಲ್ಲಿನ ಹಂದಿ ಮಾಂಸದ ಅಡುಗೆಯಾದ ಪಂದಿಕರಿಯಿಂದ ಬೇರೆಯಾಗುವುದು ಹುಳಿ ಬೀಳುವ ಹೊತ್ತಿನಲ್ಲಿ. ಪಂದಿಕರಿಗೆ ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಸೇರುವುದು ಮಾಂಸ ಬೆಂದ ಮೇಲೆ. ಅಡೋಬೊದಲ್ಲಿ ಮಾಂಸ ಬೇಯುವುದೇ ವಿನೆಗರ್‌ನಲ್ಲಿ. ಆದ್ದರಿಂದ ಇಲ್ಲಿ ಕಾಚಂಪುಳಿಯನ್ನು ಬಳಸದಿರುವುದೇ ಲೇಸು, ಏಕೆಂದರೆ ಅಷ್ಟು ಗಟ್ಟಿಯಾದ ಹುಳಿಯನ್ನು ಮೊದಲಿನಿಂದಲೇ ಕುದಿಸಿದರೆ ಬೇರೆ ಯಾವ ರುಚಿಯೂ ಉಳಿಯುವುದಿಲ್ಲ. ಫಿಲಿಪೀನ್ಸ್‌ನಲ್ಲಿ ತೆಂಗು, ಕಬ್ಬು, ನೀಪಾ ತಾಳೆಗಳ ವಿನೆಗರ್ ಬಳಕೆಯಲ್ಲಿದೆ. ನಮಗೆ ತೆಂಗಿನ ಕಳ್ಳಿನ ವಿನೆಗರ್ ಸಿಕ್ಕರೆ ಸಾಕು.

ಚರ್ಮ, ಕೊಬ್ಬು ಸಮೇತವಾದ ಒಂದು ಕಿಲೋ ಮಾಂಸವನ್ನು, ಅಂಗಡಿಯವರು ಪಂದಿಕರಿಯ ಅಳತೆಗೆ ಕೊಚ್ಚುವ ಮೊದಲೇ ಹೇಳಿ, ಒಂದೂವರೆ ಅಂಗುಲದ ತುಂಡುಗಳಾಗಿ ಕತ್ತರಿಸಿಕೊಳ್ಳಬೇಕು. ಅದಕ್ಕೆ ಅರ್ಧ ಕಪ್ ವಿನೆಗರ್, ಅರ್ಧ ಕಪ್‌ಗಿಂತ ತುಸು ಕಡಿಮೆ ಸೋಯಾ ಸಾಸ್, ಜಜ್ಜಿದ ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಇಡೀ ಕಾಳುಮೆಣಸು ಹಾಗೂ ಒಂದೂವರೆ ಕಪ್ ನೀರು ಸೇರಿಸಬೇಕು. ಫಿಲಿಪೀನ್ಸ್‌ನವರು ಹಾಕುವ ಲಾರೆಲ್ ಎಲೆಗೂ ನಮ್ಮ ಪಲಾವ್ ಎಲೆಗೂ ಪರಿಮಳ ಬೇರೆ. ನಮ್ಮದರಲ್ಲಿ ಚಕ್ಕೆಯ ವಾಸನೆ ಇರುವುದರಿಂದ ಒಂದೇ ಎಲೆ ಸಾಕು. ಹುರಿದ ಮಸಾಲೆಯ ಡಬ್ಬಿ ಎಷ್ಟೇ ಕೈಬೀಸಿ ಕರೆದರೂ ಅದನ್ನು ತೆರೆಯಬಾರದು.

ಪಾತ್ರೆ ಅಲ್ಯೂಮಿನಿಯಮ್‌ನದ್ದಾಗಿರಬಾರದು, ಹುಳಿ ಅದರೊಂದಿಗೆ ವರ್ತಿಸುತ್ತದೆ. ಮುಚ್ಚಳವಿಲ್ಲದೆ ಕುದಿ ಬರಿಸಿ, ವಿನೆಗರ್‌ನ ಹಸಿ ಘಾಟು ಇಳಿಯುವವರೆಗೆ ಸೌಟು ಆಡಿಸದಿರುವುದು ಅಲ್ಲಿನ ಮನೆಗಳಲ್ಲಿ ತಲೆಮಾರುಗಳಿಂದ ಬಂದ ಕಟ್ಟಳೆ. ಆಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಸುಮಾರು ಒಂದು ಗಂಟೆ ಬೇಯಿಸಿ, ಕೊನೆಗೆ ಮುಚ್ಚಳ ತೆಗೆದು, ರಸ ಇಂಗಿ ಮಾಂಸದ ಕೊಬ್ಬು ಮೇಲೆ ತೇಲುವವರೆಗೆ ಬಿಡಬೇಕು. ಸೋಯಾ ಸಾಸ್‌ನಲ್ಲೇ ಉಪ್ಪು ಸಾಕಷ್ಟಿರುವುದರಿಂದ ಉಪ್ಪನ್ನು ರುಚಿ ನೋಡಿಯೇ ಹಾಕಬೇಕು.

ಒಂದು ಕುಟುಂಬದ ಅಡೋಬೊ ಇನ್ನೊಂದರಂತಿರುವುದಿಲ್ಲ. ಸೋಯಾ ಸಾಸ್ ಚೀನೀ ವ್ಯಾಪಾರಿಗಳ ಮೂಲಕ ಬಂದದ್ದು. ಅದನ್ನು ಬಿಟ್ಟು ಬರೀ ಉಪ್ಪಿನಲ್ಲಿ ಮಾಡುವ ಬಿಳಿ ಅಡೋಬೊ ಇಂದಿಗೂ ಉಂಟು. ಬತಂಗಾಸ್ ಕಡೆ ಅರಿಶಿನ, ಬಿಕೋಲ್ ಕಡೆ ತೆಂಗಿನಹಾಲು ಸೇರುತ್ತವೆ. ಗಲ್ಫ್‌ನಲ್ಲೋ ಹಡಗಿನಲ್ಲೋ ಫಿಲಿಪಿನೋ ಸಹೋದ್ಯೋಗಿಗಳೊಂದಿಗೆ ಉಂಡವರು ನಿಮ್ಮ ಮನೆಯಲ್ಲಿದ್ದರೆ, ಅಳತೆ ಕೇಳುವುದಕ್ಕಿಂತ ಅವರ ನಾಲಿಗೆಗೆ ನೆನಪಿರುವುದು ಹುಳಿಯೋ ಉಪ್ಪೋ ಎಂದು ಕೇಳಿ, ಅದರಂತೆ ತಿದ್ದಿಕೊಳ್ಳುವುದು ಉತ್ತಮ.

ಇದಕ್ಕೆ ಅಕ್ಕಿ ತರಿಯ ಉಂಡೆಯಾದ ಕಡಂಬುಟ್ಟು ಒಗ್ಗದೆಂದೇನಿಲ್ಲ, ಆದರೂ ರಸ ಹೀರಲು ಬಿಸಿ ಅನ್ನವೇ ಮೇಲು. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು, ಮರುದಿನ ಬೆಳಿಗ್ಗೆ ಅದರ ಕೊಬ್ಬಿನಲ್ಲೇ ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ತಂಗಳನ್ನ ಹಾಕಿ ಕೈಯಾಡಿಸಿದರೆ ಅಲ್ಲಿನವರ ಸಿನಾಂಗಾಗ್ ಸಿದ್ಧವಾಗುತ್ತದೆ.