ಬಿಸಿಯಾದ ಮೇಲೆ ಗೊರಗುಟ್ಟುವ ವಾಲ್ವ್ ಆಂಪ್: ನನ್ನ ಅನುಭವ

ಒಂದೇ ಇಎಲ್84 (ಸ್ಪೀಕರ್ ಓಡಿಸುವ ಪವರ್ ವಾಲ್ವ್, ಅಂದರೆ ಗಾಜಿನ ನಿರ್ವಾತ ನಳಿಕೆ) ಇರುವ, 5 ವ್ಯಾಟ್‌ನ ಹಳೆಯ ಗಿಟಾರ್ ಆಂಪ್. ಆನ್ ಮಾಡಿ ಹತ್ತು ನಿಮಿಷ ಸ್ವರ ಸ್ವಚ್ಛ. ಆಮೇಲೆ ವಾಲ್ಯೂಮ್ 2ರಲ್ಲಿದ್ದರೂ ಹರಿದ ಕಾಗದ ಅದುರಿದ ಹಾಗೆ ಗೊರಗೊರ. ತಣ್ಣಗಾದರೆ ಮತ್ತೆ ಸರಿ.

ಕೇಬಲ್, ಗಿಟಾರ್, ಸ್ಪೀಕರ್, 12ಎಎಕ್ಸ್7 (ಹಿಂದಿನ ಹಂತದ ಚಿಕ್ಕ ವಾಲ್ವ್) ಎಲ್ಲ ಬದಲಾಯಿಸಿದೆ, ಸಾಕೆಟ್ ಉಜ್ಜಿದೆ. ಪ್ರಯೋಜನವಿಲ್ಲ. ಹೊಸ ಇಎಲ್84 ಹಾಕಿದಾಗ ಎರಡು ದಿನ ಪರವಾಗಿಲ್ಲ ಅನ್ನಿಸಿತು. ದಾರಿ ತಪ್ಪಿಸಿದ್ದೇ ಅದು.

ಕೊನೆಗೆ ಮೀಟರ್ ಹಿಡಿದೆ. ಒಳಗೆ 300 ವೋಲ್ಟ್‌ವರೆಗೂ ಇರುತ್ತದೆ, ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಅಭ್ಯಾಸವಿಲ್ಲದವರು ಕೈ ಹಾಕಬೇಡಿ. ಸ್ಪೀಕರ್ ಜೋಡಿಸಿಯೇ ಇಟ್ಟು, ಕಪ್ಪು ಕ್ಲಿಪ್ಪನ್ನು ಚಾಸಿಗೆ ಕಚ್ಚಿಸಿ, ಒಂದೇ ಕೈಯಲ್ಲಿ ಇಎಲ್84ರ 2ನೇ ಪಿನ್ (ಗ್ರಿಡ್, ಅಂದರೆ ಸಿಗ್ನಲ್ ಒಳಬರುವ ಜಾಗ) ಮುಟ್ಟಿದೆ. ಕ್ಯಾಥೋಡ್ ಬಯಾಸ್ (ವಾಲ್ವಿನ ಕರೆಂಟನ್ನು ಕ್ಯಾಥೋಡಿನ ರೆಸಿಸ್ಟರಿನಿಂದ ಹಿಡಿತದಲ್ಲಿಡುವ ವಿಧಾನ) ಇರುವ ಆಂಪ್‌ನಲ್ಲಿ ಅಲ್ಲಿ ಡಿಸಿ ಸೊನ್ನೆಯ ಹತ್ತಿರ ಇರಬೇಕು. ಮೊದಲು 0.2 ಇತ್ತು, ಹದಿನೈದನೇ ನಿಮಿಷಕ್ಕೆ +3.4 ವೋಲ್ಟ್. ಬಯಾಸ್ ಕೆಟ್ಟು ವಾಲ್ವ್ ಅತಿಯಾಗಿ ಕರೆಂಟ್ ಎಳೆಯುತ್ತಿತ್ತು.

ತಪ್ಪು ವಾಲ್ವಿನದೋ, ಗ್ರಿಡ್‌ಗೆ ಸಿಗ್ನಲ್ ಮಾತ್ರ ಬಿಟ್ಟು ಡಿಸಿ ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರಿನದೋ? ಆಫ್ ಮಾಡಿ ಇಎಲ್84 ಕಿತ್ತು, ತಕ್ಷಣ ಮತ್ತೆ ಆನ್ ಮಾಡಿ ಅದೇ ಪಿನ್ ಅಳೆದೆ. ವೋಲ್ಟೇಜ್ ಹಾಗೇ ಇತ್ತು. ಅಂದರೆ ಹಿಂದಿನ ಹಂತದ ವಾಲ್ವಿನ ಪ್ಲೇಟಿನಿಂದ (ಹೆಚ್ಚು ವೋಲ್ಟೇಜ್ ಇರುವ ತುದಿ) ಬರುವ 0.022 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ವಾಲ್ವ್ ಕಿತ್ತಾಗ ಸೊನ್ನೆಗಿಳಿದಿದ್ದರೆ ವಾಲ್ವೇ ಕಳ್ಳ.

ಆಫ್ ಮಾಡಿ, ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಂಡು, 0.022 ಮೈಕ್ರೋಫ್ಯಾರಡ್, 630 ವೋಲ್ಟ್‌ನ ಫಿಲ್ಮ್ ಕೆಪಾಸಿಟರ್ ಬೆಸುಗೆ ಹಾಕಿದೆ. ಒಂದು ಗಂಟೆ ಓಡಿಸಿದ ಮೇಲೂ 2ನೇ ಪಿನ್‌ನಲ್ಲಿ 0.01 ವೋಲ್ಟ್ ದಾಟಲಿಲ್ಲ. ಗೊರಗೊರ ಇಲ್ಲ.