ವೈಡ್ ರಿಸೀವರ್‌ನ ಅಂಕಿ ಓದೋದು ಹೇಗೆ? ಚೀಲ ಎಣಿಸಬೇಡಿ, ಓಟಿ ನೋಡಿ

ಚಿಕ್ಕಮಗಳೂರಲ್ಲಿ ಕಾಫಿ ಮಾರೋಕೆ ಬಂದವರನ್ನು ಯಾರೂ ಬರೀ ‘ಎಷ್ಟು ಚೀಲ’ ಅಂತ ಕೇಳಿ ಸುಮ್ಮನಾಗಲ್ಲ. ಮುಂದಿನ ಪ್ರಶ್ನೆ ‘ಓಟಿ ಎಷ್ಟು ಬಂತು?’ ಒಣಗಿದ ಚೆರ್ರಿಯ 50 ಕೆಜಿ ಚೀಲದಲ್ಲಿ ಸಿಪ್ಪೆ ಹೋಗಿ 26 ಕೆಜಿ ಬೀಜ ಉಳಿದರೆ 26 ಓಟಿ, 28 ಉಳಿದರೆ 28. ದುಡ್ಡು ಅದಕ್ಕೆ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗೋದೇ ನನ್ನ ದಿನದ ಕೆಲಸ. ಹಾಗಿದ್ದೂ ಅಮೆರಿಕನ್ ಫುಟ್‌ಬಾಲ್ ನೋಡೋಕೆ ಶುರು ಮಾಡಿದ ಮೇಲೆ ಎರಡು ವರ್ಷ ನಾನು ಚೀಲ ಎಣಿಸಿಕೊಂಡೇ ಕೂತಿದ್ದೆ.

ಈ ಹುಚ್ಚು ಹತ್ತಿಸಿದ್ದು ಅಕ್ಕನ ಮಗ. ಅಮೆರಿಕದಲ್ಲಿ ಓದ್ತಾ ಇದ್ದಾನೆ. ಒಂದು ದಿನ ಫೋನಲ್ಲಿ ಇಬ್ಬರು ವೈಡ್ ರಿಸೀವರ್‌ಗಳ ಬಗ್ಗೆ ವಾದಕ್ಕೆ ಬಿದ್ದೆವು. 2007ರಲ್ಲಿ ರ್‍ಯಾಂಡಿ ಮಾಸ್ 23 ಟಚ್‌ಡೌನ್ ಹಿಡಿದಿದ್ದಾನೆ, 1987ರಲ್ಲಿ ಜೆರ್ರಿ ರೈಸ್ ಹಿಡಿದಿದ್ದು 22, ಹಾಗಾಗಿ ಮಾಸ್‌ನ ವರ್ಷವೇ ದೊಡ್ಡದು ಅಂತ ನಾನು. ಅವನು ಜೋರಾಗಿ ನಕ್ಕು, ‘ಮಾವ, ಪಕ್ಕದ ಕಾಲಂ ನೋಡು’ ಅಂದ. ನೋಡಿದೆ. ಮಾಸ್ ಆಡಿದ್ದು 16 ಪಂದ್ಯ. ರೈಸ್ ಆಡಿದ್ದು 12, ಆ ವರ್ಷ ಆಟಗಾರರ ಮುಷ್ಕರ ಇತ್ತು. ಪಂದ್ಯಕ್ಕೆ ಲೆಕ್ಕ ಹಾಕಿದರೆ ಮಾಸ್‌ದು 1.4, ರೈಸ್‌ದು 1.8. ಓಟಿ ನೋಡದೆ ಚೀಲ ಕೊಂಡಿದ್ದೆ!

ಆಟವೇ ಗೊತ್ತಿಲ್ಲದವರಿಗೆ ಎರಡು ಮಾತು. ಮೈದಾನ 100 ಗಜ, ಎರಡೂ ತುದಿಯಲ್ಲಿ 10 ಗಜದ ಎಂಡ್ ಝೋನ್. ನಾಲ್ಕು ಪ್ರಯತ್ನದಲ್ಲಿ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತೆ. ಚೆಂಡು ಎಸೆಯೋನು ಕ್ವಾರ್ಟರ್‌ಬ್ಯಾಕ್. ಅಂಚಿನ ಕಡೆ ನಿಂತು, ಓಡಿ ಹೋಗಿ ಅದನ್ನು ಹಿಡಿಯೋನು ವೈಡ್ ರಿಸೀವರ್. ಹಿಡಿದು ಎಂಡ್ ಝೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಅವನ ಪಟ್ಟಿಯಲ್ಲಿ ಮುಖ್ಯವಾದ ಕಾಲಂ ನಾಲ್ಕೇ: ಪಂದ್ಯ, ಕ್ಯಾಚ್, ಗಜ, ಟಚ್‌ಡೌನ್.

ಮೊದಲು ಕಾಲೇಜಿನ ಸಾಲುಗಳಿಂದ ಶುರು ಮಾಡಿ. ನಮ್ಮಲ್ಲಿ ಕಾಲೇಜ್ ಆಟ ಅಂದರೆ ಇಂಟರ್ ಕಾಲೇಜ್ ಟ್ರೋಫಿ, ನಾಲ್ಕು ಜನ ಚಪ್ಪಾಳೆ, ಒಂದು ಸರ್ಟಿಫಿಕೇಟ್. ಅಲ್ಲಿ ಶನಿವಾರ ಪೂರ್ತಿ ಕಾಲೇಜ್ ಆಟದ್ದೇ, ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋಗೋ ಬಹುತೇಕರು ಆ ದಾರಿಯಲ್ಲೇ ಬರಬೇಕು. ಹೈಸ್ಕೂಲ್ ಮುಗಿದು ಮೂರು ವರ್ಷ ಆಗೋವರೆಗೆ, ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳೋ ಡ್ರಾಫ್ಟ್‌ಗೆ ಹೆಸರು ಕೊಡೋ ಹಾಗಿಲ್ಲ. ಈಗಿನ ಹುಡುಗರ ಪಟ್ಟಿಯಲ್ಲಿ ಎರಡು ಮೂರು ಕಾಲೇಜಿನ ಹೆಸರು ಕಂಡರೆ ಗಾಬರಿ ಬೇಡ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಕಾಲೇಜ್ ಬದಲಿಸೋದು ಮಾಮೂಲಿ ಆಗಿದೆ. ಇನ್ನೊಂದು, ವರ್ಷದ ಕೊನೆಯಲ್ಲಿ ಆಡೋ ಬೌಲ್ ಪಂದ್ಯಗಳ ಅಂಕಿಯನ್ನು ಕಾಲೇಜ್ ದಾಖಲೆಗೆ ಸೇರಿಸೋಕೆ ಶುರು ಮಾಡಿದ್ದು 2002ರಿಂದ. ಹಳಬರನ್ನೂ ಹೊಸಬರನ್ನೂ ಹೋಲಿಸುವಾಗ ಇದು ತಲೆಯಲ್ಲಿರಲಿ.

ರೈಸ್‌ನ ಕಾಲೇಜ್ ಸಾಲು ನೋಡಿ, ನಿಜವಾದ ಕಥೆ ಅಲ್ಲಿದೆ. ಮಿಸ್ಸಿಸ್ಸಿಪ್ಪಿಯ ಕ್ರಾಫರ್ಡ್ ಅನ್ನೋ ಸಣ್ಣ ಊರಿನ ಹುಡುಗ. ಅಪ್ಪ ಇಟ್ಟಿಗೆ ಕಟ್ಟೋ ಗಾರೆ ಕೆಲಸದವರು. ಬೇಸಿಗೆಯಲ್ಲಿ ಮಕ್ಕಳೂ ಜೊತೆಗೆ ಹೋಗೋರು, ಕೆಳಗಿಂದ ಎಸೆದ ಇಟ್ಟಿಗೆಯನ್ನು ಮೇಲೆ ನಿಂತು ಹಿಡಿದು ಹಿಡಿದೇ ಇವನ ಕೈ ಪಳಗಿದ್ದು. ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಸೇರಿದ್ದು ಇಟ್ಟಾ ಬೀನಾ ಅನ್ನೋ ಊರಿನ ಮಿಸ್ಸಿಸ್ಸಿಪ್ಪಿ ವ್ಯಾಲಿ ಸ್ಟೇಟ್‌ಗೆ. ಅಲ್ಲಿ 1984ರ ಒಂದೇ ವರ್ಷ 27 ಟಚ್‌ಡೌನ್ ಹಿಡಿದ.

ಅಬ್ಬಾ ಅನ್ನೋ ಮೊದಲು ಓಟಿ ನೋಡಿ. ಆ ತಂಡ ಆ ವರ್ಷ ಪಂದ್ಯಕ್ಕೆ ಸರಾಸರಿ 60ಕ್ಕಿಂತ ಜಾಸ್ತಿ ಅಂಕ ಗಳಿಸ್ತಿತ್ತು. ಕ್ವಾರ್ಟರ್‌ಬ್ಯಾಕ್ ವಿಲ್ಲಿ ಟಾಟನ್ ಎಸೆದಿದ್ದೇ 56 ಟಚ್‌ಡೌನ್. ಆಡ್ತಾ ಇದ್ದದ್ದು ಕೆಳಗಿನ ವಿಭಾಗದಲ್ಲಿ. ಹಾಗಾಗಿ ಕಾಲೇಜಿನ ಅಂಕಿಗೆ ಯಾವಾಗಲೂ ಮೂರು ಪ್ರಶ್ನೆ ಹಾಕಿ: ಎಸೆದವನು ಯಾರು, ಎದುರಿಗಿದ್ದವರು ಯಾರು, ತಂಡ ಎಷ್ಟು ಎಸೀತಿತ್ತು. ಎನ್‌ಎಫ್‌ಎಲ್ ಸ್ಕೌಟ್‌ಗಳೂ ಅದನ್ನೇ ಕೇಳಿದರು. ಓಟದಲ್ಲಿ ಅಷ್ಟೇನು ವೇಗ ಇಲ್ಲ ಅನ್ನೋ ಅನುಮಾನ ಬೇರೆ. 1985ರ ಡ್ರಾಫ್ಟ್‌ನಲ್ಲಿ ಇವನಿಗಿಂತ ಮುಂಚೆ ಇನ್ನಿಬ್ಬರು ರಿಸೀವರ್‌ಗಳು ಹೋದರು, ಅಲ್ ಟೂನ್ 10ನೇ ಕರೆಗೆ, ಎಡ್ಡಿ ಬ್ರೌನ್ 13ಕ್ಕೆ. ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ಕೋಚ್ ಬಿಲ್ ವಾಲ್ಶ್ ಮಾತ್ರ ಹಿಂದಿನ ವರ್ಷ ಹೋಟೆಲ್ ರೂಮಿನ ಟಿವಿಯಲ್ಲಿ ಇವನ ಆಟದ ತುಣುಕು ನೋಡಿ ಮನಸ್ಸಲ್ಲಿ ಇಟ್ಟುಕೊಂಡಿದ್ದರು. ತಮ್ಮ ಸರದಿ ಬರೋದು 28ಕ್ಕೆ ಅಂತ ಗೊತ್ತಾಗಿ, ನ್ಯೂ ಇಂಗ್ಲೆಂಡ್ ತಂಡದ ಜೊತೆ ಸರದಿ ಅದಲು ಬದಲು ಮಾಡಿಕೊಂಡು 16ನೇ ಕರೆಗೇ ಎತ್ತಿಕೊಂಡರು.

ಈಗ ಎನ್‌ಎಫ್‌ಎಲ್ ಸಾಲುಗಳು. ಮೊದಲ ವರ್ಷದ್ದನ್ನು ನೋಡಿ ತೀರ್ಪು ಕೊಡಬೇಡಿ. ರೈಸ್‌ನ 1985: 49 ಕ್ಯಾಚ್, 927 ಗಜ, 3 ಟಚ್‌ಡೌನ್. ಪಟ್ಟಿಯಲ್ಲಿ ಪರವಾಗಿಲ್ಲ ಅನ್ನಿಸುತ್ತೆ, ಆದರೆ ಕೈಗೆ ಬಂದ ಚೆಂಡು ಬಿಟ್ಟು ಬಿಟ್ಟು ತವರು ಮೈದಾನದಲ್ಲೇ ಬೈಸಿಕೊಂಡಿದ್ದ. ಮರುವರ್ಷ 1,570 ಗಜ, 15 ಟಚ್‌ಡೌನ್. ನಡುವೆ ಏನಾಯ್ತು ಅಂತ ಪಟ್ಟಿ ಹೇಳಲ್ಲ.

ಪಟ್ಟಿ ಹೇಳದೇ ಇರೋ ಇನ್ನೊಂದು ವಿಷಯ ಪಾದದ್ದು. ಒಂದು ಮೇ ತಿಂಗಳು ಅಕ್ಕನ ಮಗ ಊರಿಗೆ ಬಂದಾಗ ಚೆಂಡು ತಂದಿದ್ದ. ಕುಯ್ಲು ಮುಗಿದು ಕಾಫಿ ಕಣ ಖಾಲಿ ಬಿದ್ದಿತ್ತು. ಕಣದ ಅಂಚಿಗೆ ಸುಣ್ಣದಲ್ಲಿ ಗೆರೆ ಎಳೆದು, ನನ್ನನ್ನು ಗೆರೆ ಕಡೆ ಓಡಿಸಿ, ಹೆಗಲ ಮೇಲಿಂದ ಎಸೆದ. ಏಳೆಂಟು ಸಲ ಎದೆಗೆ ಬಡಿದು ಬಿತ್ತು. ಕೊನೆಗೊಂದು ಸಲ ಹಿಡಿದೇ ಬಿಟ್ಟೆ, ಬಲಗಾಲು ಒಳಗೆ, ಎಡಗಾಲು ಸುಣ್ಣದ ಮೇಲೆ. ‘ಕಾಲೇಜಲ್ಲಾದ್ರೆ ಇದು ಕ್ಯಾಚ್ ಮಾವ, ಎನ್‌ಎಫ್‌ಎಲ್‌ನಲ್ಲಿ ಅಲ್ಲ’ ಅಂದ. ಕಾಲೇಜಿನಲ್ಲಿ ಒಂದು ಪಾದ ಒಳಗೆ ಬಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೀಳಬೇಕು. ನನಗೆ ಮಂಡಿ ನೋವು ನಾಲ್ಕು ದಿನ ಇತ್ತು. ಅದಾದ ಮೇಲೆ ಅಂಚಿನಲ್ಲಿ ಹಿಡಿಯೋ ಕ್ಯಾಚ್ ಬಂದರೆ ಕೈ ನೋಡೋದು ಬಿಟ್ಟು ಬರೀ ಕಾಲೇ ನೋಡ್ತೀನಿ. ನೀವೂ ಹಾಗೆ ನೋಡಿ, ಆಟವೇ ಬೇರೆ ಥರ ಕಾಣುತ್ತೆ.

ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಪಂದ್ಯದ ಕಾಲಂ ಬಿಡಲೇಬೇಡಿ. 1961ರಿಂದ 1977ರವರೆಗೆ ವರ್ಷಕ್ಕೆ 14 ಪಂದ್ಯ, 1978ರಿಂದ 16, 2021ರಿಂದ 17. 1995ರಲ್ಲಿ ರೈಸ್ 1,848 ಗಜ ಮಾಡಿದ. 2021ರಲ್ಲಿ ಕೂಪರ್ ಕಪ್ 1,947 ಮಾಡಿದ. ಇವನೂ ಸಣ್ಣ ವಿಭಾಗದ ಕಾಲೇಜಿನವನೇ, ಈಸ್ಟರ್ನ್ ವಾಷಿಂಗ್ಟನ್, ಡ್ರಾಫ್ಟ್‌ನಲ್ಲಿ ಮೂರನೇ ಸುತ್ತಿಗೆ ಹೋದವನು. ಮೇಲ್ನೋಟಕ್ಕೆ ಕಪ್ ಮುಂದೆ, ಅಲ್ವಾ? ಭಾಗಿಸಿ. ರೈಸ್ ಪಂದ್ಯಕ್ಕೆ 115.5, ಕಪ್ 114.5. ಒಂದೇ ಗಜದ ವ್ಯತ್ಯಾಸ, ಆದರೆ ತಕ್ಕಡಿ ವಾಲಿದ್ದು ರೈಸ್ ಕಡೆಗೆ. ಇಬ್ಬರನ್ನೂ ದಾಟಿದ್ದು 2012ರ ಕ್ಯಾಲ್ವಿನ್ ಜಾನ್ಸನ್, 16 ಪಂದ್ಯಕ್ಕೆ 1,964. ಅದಕ್ಕೆ ಮಾತಿಲ್ಲ.

ಎಸೆಯೋನು ಬದಲಾದ ವರ್ಷ ಯಾವುದು ಅಂತಲೂ ಗುರುತು ಹಾಕಿಕೊಳ್ಳಿ. ಬರೀ ಒಬ್ಬ ಒಳ್ಳೆ ಕ್ವಾರ್ಟರ್‌ಬ್ಯಾಕ್‌ನಿಂದ ಬೆಳೆದವನು ಅಲ್ಲೇ ಸಿಕ್ಕಿಬೀಳ್ತಾನೆ. ರೈಸ್‌ಗೆ ಮೊದಲು ಜೋ ಮೊಂಟಾನಾ, ಆಮೇಲೆ ಸ್ಟೀವ್ ಯಂಗ್. ಯಂಗ್ ಎಡಗೈಯವನು, ಚೆಂಡು ಸುತ್ತುವ ದಿಕ್ಕೇ ಉಲ್ಟಾ. ಆದರೂ ಅಂಕಿ ಕುಗ್ಗಲಿಲ್ಲ. ಮೇಲೆ ಹೇಳಿದ 1995ರಲ್ಲಂತೂ ಯಂಗ್ ಗಾಯಗೊಂಡು ಕೆಲವು ಪಂದ್ಯ ಹೊರಗಿದ್ದ.

ಪ್ಲೇಆಫ್ ಪಟ್ಟಿ ಬೇರೆಯೇ ಇರುತ್ತೆ, ಒಟ್ಟು ಲೆಕ್ಕಕ್ಕೆ ಸೇರಲ್ಲ. ಅದನ್ನು ಕೂಡಿಸಬೇಡಿ, ಪಕ್ಕದಲ್ಲಿಟ್ಟು ಓದಿ. ರೈಸ್ ಮೂರು ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದ. ಅದರಲ್ಲೊಂದರಲ್ಲಿ, 1989ರ ಜನವರಿಯಲ್ಲಿ, 11 ಕ್ಯಾಚ್ 215 ಗಜ ಮಾಡಿ ಪಂದ್ಯಶ್ರೇಷ್ಠ ಆದ.

ಸಾಲುಗಳ ನಡುವೆ ಗುಂಡಿ ಕಂಡರೆ ಗಾಯ ಅಂತ ತಿಳಿಯಿರಿ. ರೈಸ್‌ನ 1997ರಲ್ಲಿ ಬರೀ 2 ಪಂದ್ಯ, 7 ಕ್ಯಾಚ್. ಮೊದಲ ಪಂದ್ಯದಲ್ಲೇ ಮಂಡಿ ಹೋಯ್ತು, ಡಿಸೆಂಬರಿಗೆ ಅವಸರ ಮಾಡಿ ವಾಪಸ್ ಬಂದು ಟಚ್‌ಡೌನ್ ಹಿಡಿಯುವಾಗ ಮಂಡಿಚಿಪ್ಪು ಒಡೆಯಿತು. ಗುಂಡಿಗಿಂತ ಅದರ ಮುಂದಿನ ಸಾಲು ಮುಖ್ಯ. 1998ರಲ್ಲಿ 1,157 ಗಜ, ಆಗ ವಯಸ್ಸು 36. ಆಮೇಲೆ ಓಕ್‌ಲೆಂಡ್ ರೈಡರ್ಸ್‌ಗೆ ಹೋಗಿ, 40 ತುಂಬಿದ ವರ್ಷ 2002ರಲ್ಲಿ 92 ಕ್ಯಾಚ್, 1,211 ಗಜ. ಬಿಡುವಿನ ತಿಂಗಳುಗಳಲ್ಲಿ ಸ್ಯಾನ್ ಕಾರ್ಲೋಸ್‌ನ ಒಂದು ಗುಡ್ಡದ ದಾರಿಯಲ್ಲಿ ಸುಮಾರು 4 ಕಿಮೀ ಏರು ಓಡ್ತಿದ್ದ. ಸರ್ಪದಾರಿ ಹಿಡಿದು ಮುಳ್ಳಯ್ಯನಗಿರಿ ಹತ್ತಿ ಅರ್ಧಕ್ಕೇ ಕೂತವರಿಗೆ ಇದರ ಬೆಲೆ ಗೊತ್ತು. ನಾನು ಕೂತವನೇ.

ಒಟ್ಟು ಮೊತ್ತಕ್ಕೆ ಕೊನೆಯಲ್ಲಿ ಬನ್ನಿ. ರೈಸ್‌ದು 20 ವರ್ಷ, 1,549 ಕ್ಯಾಚ್, 22,895 ಗಜ. ಎರಡನೇ ಸ್ಥಾನದಲ್ಲಿರೋ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492. ಯಾವುದೋ ಹುಡುಗ ವರ್ಷಕ್ಕೆ 1,500 ಗಜದಂತೆ ತಪ್ಪದೆ 15 ವರ್ಷ ಆಡಿದ ಅಂತಿಟ್ಟುಕೊಳ್ಳಿ, ಆಗಲೂ 22,500, ಇನ್ನೂ 395 ಕಡಿಮೆ. ಇಲ್ಲಿ ಚೀಲವೂ ದೊಡ್ಡದು, ಓಟಿಯೂ ಚೆನ್ನಾಗಿದೆ.

ಆಟ ನೋಡೋರಿಗೆ ಸಮಯ: ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಭಾನುವಾರದ ಮೊದಲ ಪಂದ್ಯಗಳು ನಮ್ಮ ರಾತ್ರಿ 10:30ಕ್ಕೆ, ನವೆಂಬರ್‌ನಲ್ಲಿ ಅವರು ಗಡಿಯಾರ ತಿರುಗಿಸಿದ ಮೇಲೆ 11:30ಕ್ಕೆ. ಸೂಪರ್ ಬೌಲ್ ಸೋಮವಾರ ಬೆಳಗಿನ ಜಾವ 5ಕ್ಕೆ. ಒಂದು ಸಲ ಆ ಹೊತ್ತಲ್ಲಿ ಟಿವಿ ಮುಂದೆ ‘ರೈಸ್, ರೈಸ್’ ಅಂತ ಹಳೇ ದಾಖಲೆ ಹೇಳ್ತಾ ಇದ್ದೆ, ಒಳಗಿಂದ ಅಮ್ಮ ‘ಇಷ್ಟೊತ್ತಿಗೇ ಅನ್ನ ಕೇಳ್ತೀಯಲ್ಲೋ’ ಅಂದರು.

ಓದೋಕೆ ಬಂತಾ ಅಂತ ನೋಡೋಕೆ ಒಂದು ಅಂಕಿ ಕೊಡ್ತೀನಿ. 2005ರಲ್ಲಿ ನಿವೃತ್ತಿ ಹೇಳಿದ ರೈಸ್ ಜೊತೆ, 49ಅರ್ಸ್ ಆಟಗಾರನಾಗಿಯೇ ವಿದಾಯ ಹೇಳಲಿ ಅಂತ, ಆ ತಂಡ 2006ರಲ್ಲಿ ಹೆಸರಿಗೊಂದು ಕರಾರು ಮಾಡಿಕೊಂಡಿತು. ಕೈಗೆ ದುಡ್ಡೇನೂ ಬರಲಿಲ್ಲ. ಕರಾರಿನ ಮೊತ್ತ 19,85,806 ಡಾಲರ್ 49 ಸೆಂಟ್. ಅಲ್ಪವಿರಾಮ ತೆಗೆದು ಎಡದಿಂದ ಓದಿ: 1985, ತಂಡಕ್ಕೆ ಬಂದ ವರ್ಷ. 80, ಅವನ ಜೆರ್ಸಿ. 6, ಕರಾರಿನ ವರ್ಷ. 49 ಏನು ಅಂತ ನಾನು ಹೇಳಬೇಕಾ?